ಸಾಮರ್ಥ್ಯದ ನಕ್ಷೆ ಮತ್ತು ಕಂಪನಿಯ ಪರಿವರ್ತನೆ

ಒಬ್ಬರು: ಕಂಪನಿಯೊಂದು ತನ್ನನ್ನು ಬದಲಿಸಿಕೊಳ್ಳಲು ಹೊರಟರೆ ಮೊದಲ ಸಭೆಯಲ್ಲೇ ಯೋಜನೆಗಳ ಪಟ್ಟಿ ಸಿದ್ಧವಾಗಿಬಿಡುತ್ತದೆ. ಹೊಸ ಸಾಫ್ಟ್‌ವೇರ್, ಹೊಸ ಆ್ಯಪ್, ಹೊಸ ವಿಭಾಗ, ಒಂದಷ್ಟು ತರಬೇತಿ. ಈ ಪಟ್ಟಿಗೂ ಮುಂಚೆ ಮಾಡಬೇಕಾದ ಕೆಲಸ ಇದೆ ಎಂದು ಬಿಸಿನೆಸ್ ಆರ್ಕಿಟೆಕ್ಚರ್ ಎಂಬ ಶಿಸ್ತು ಹೇಳುತ್ತದೆ. ಅದು ಯಾವ ಕೆಲಸ?

ಇನ್ನೊಬ್ಬರು: ಕಂಪನಿಗೆ ಏನೇನು ಮಾಡಲು ಬರುತ್ತದೆ, ಏನೇನು ಬರಬೇಕಾಗಿದೆ ಎಂಬುದನ್ನು ಬರೆದಿಡುವ ಕೆಲಸ. ಯಾರು ಮಾಡುತ್ತಾರೆ, ಯಾವ ಯಂತ್ರದಲ್ಲಿ ಮಾಡುತ್ತಾರೆ, ಯಾವ ಊರಿನ ಕಚೇರಿಯಲ್ಲಿ ಮಾಡುತ್ತಾರೆ ಎಂಬುದೆಲ್ಲ ಆಮೇಲಿನ ಮಾತು. ಹೀಗೆ ‘ಏನು’ ಎಂಬುದನ್ನಷ್ಟೇ ಹೇಳುವ ಘಟಕಕ್ಕೆ ಈ ಶಿಸ್ತಿನಲ್ಲಿ ಸಾಮರ್ಥ್ಯ ಎನ್ನುತ್ತಾರೆ. ಉದಾಹರಣೆಗೆ, ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಅಂಗಡಿ, ಮನೆಗಳ ಬಾಗಿಲಿಗೇ ಹೋಗಿ ಎರಡಾಣೆಯಂಥ ಸಣ್ಣ ಮೊತ್ತವನ್ನೂ ಕೂಡಿಸಿ ತರುತ್ತಿದ್ದರು. ಪಿಗ್ಮಿ ಏಜೆಂಟರ ಕೈಯಲ್ಲಿ ಆಗ ಇದ್ದದ್ದು ರಸೀದಿ ಪುಸ್ತಕ, ಆಮೇಲೆ ಸಣ್ಣ ಯಂತ್ರ, ಈಗ ಮೊಬೈಲ್. ಸಲಕರಣೆ ಬದಲಾಗಿದೆ, ‘ಸಣ್ಣ ಉಳಿತಾಯವನ್ನು ಗ್ರಾಹಕರ ಬಾಗಿಲಲ್ಲೇ ಸಂಗ್ರಹಿಸುವುದು’ ಎಂಬ ಸಾಮರ್ಥ್ಯ ಹಾಗೆಯೇ ಉಳಿದಿದೆ. ವಿಭಾಗಗಳನ್ನು ಮೂರು ವರ್ಷಕ್ಕೊಮ್ಮೆ ಒಡೆದು ಕಟ್ಟುತ್ತಾರೆ, ಸಾಫ್ಟ್‌ವೇರ್ ಹಳತಾಗುತ್ತದೆ, ಸಾಮರ್ಥ್ಯಗಳು ಅಷ್ಟು ಬೇಗ ಅಲುಗುವುದಿಲ್ಲ. ದೂರದ ಬದಲಾವಣೆಯನ್ನು ಯೋಜಿಸುವವರು ಕಾಲೂರಲು ಇಂಥ ಗಟ್ಟಿ ನೆಲವನ್ನೇ ಹುಡುಕಬೇಕಾಗುತ್ತದೆ.

ಒಬ್ಬರು: ಕಂಪನಿಯ ವಿಭಾಗಗಳ ಪಟ್ಟಿ ತೆಗೆದರೂ ಇದೇ ಸಿಗುವುದಿಲ್ಲವೇ? ಸಾಲ ವಿಭಾಗ, ಠೇವಣಿ ವಿಭಾಗ, ಕಾರ್ಡ್ ವಿಭಾಗ ಎಂದು ಬ್ಯಾಂಕಿನ ಪ್ರತಿ ಬಾಗಿಲ ಮೇಲೂ ಬರೆದೇ ಇರುತ್ತದೆ.

ಇನ್ನೊಬ್ಬರು: ಆ ಪಟ್ಟಿಯಲ್ಲಿ ಮುಖ್ಯವಾದದ್ದೇ ಮರೆಯಾಗುತ್ತದೆ. ಗ್ರಾಹಕರ ಗುರುತು ಖಚಿತಪಡಿಸಿಕೊಳ್ಳುವ ಕೆಲಸವನ್ನೇ ತೆಗೆದುಕೊಳ್ಳಬಹುದು. ಉಳಿತಾಯ ಖಾತೆಗೆ ಒಮ್ಮೆ, ಸಾಲಕ್ಕೆ ಒಮ್ಮೆ, ಲಾಕರಿಗೆ ಒಮ್ಮೆ, ಕ್ರೆಡಿಟ್ ಕಾರ್ಡಿಗೆ ಮತ್ತೊಮ್ಮೆ ಅದೇ ವ್ಯಕ್ತಿಯಿಂದ ಅದೇ ದಾಖಲೆ ಕೇಳುವ ಬ್ಯಾಂಕಿನಲ್ಲಿ ವಿಭಾಗದ ಲೆಕ್ಕದಲ್ಲಿ ನಾಲ್ಕು ಕೆಲಸಗಳಿವೆ, ಸಾಮರ್ಥ್ಯದ ಲೆಕ್ಕದಲ್ಲಿ ಒಂದೇ ಒಂದು. ನಾಲ್ಕು ವಿಭಾಗಗಳೂ ತಮ್ಮತಮ್ಮ ಪಾಲಿನದನ್ನು ಆಧುನಿಕಗೊಳಿಸಲು ಹಣ ಕೇಳುತ್ತವೆ. ಬೇಡಿಕೆಗಳು ಬೇರೆಬೇರೆ ಕಡತಗಳಲ್ಲಿ ಮೇಲೆ ಹೋಗುವುದರಿಂದ ಒಂದೇ ವಸ್ತುವನ್ನು ನಾಲ್ಕು ಸಲ ಕೊಳ್ಳುತ್ತಿದ್ದೇವೆಂಬುದು ಮಂಜೂರು ಮಾಡುವವರ ಕಣ್ಣಿಗೆ ಬೀಳುವುದಿಲ್ಲ. ಸಾಮರ್ಥ್ಯಗಳನ್ನು ಒಂದು ಹಾಳೆಯ ಮೇಲೆ ಇಟ್ಟ ದಿನ ಅದು ಕಾಣುತ್ತದೆ. ಸಾಮಾನ್ಯವಾಗಿ ಮೊದಲ ಹಂತದಲ್ಲಿ ಇಪ್ಪತ್ತು, ಮೂವತ್ತು ಸಾಮರ್ಥ್ಯಗಳಿದ್ದರೆ ಸಾಕು. ಪ್ರತಿಯೊಂದನ್ನೂ ಅಗತ್ಯವಿದ್ದಲ್ಲಿ ಮಾತ್ರ ಎರಡನೆಯ, ಮೂರನೆಯ ಹಂತಕ್ಕೆ ಬಿಡಿಸಬೇಕು. ಎಲ್ಲವನ್ನೂ ಬಿಡಿಸಲು ಹೋದರೆ ವರ್ಷ ಕಳೆದರೂ ನಕ್ಷೆ ಮುಗಿಯುವುದಿಲ್ಲ.

ಒಬ್ಬರು: ಈ ಯೋಚನೆ ಎಲ್ಲಿಂದ ಬಂತು?

ಇನ್ನೊಬ್ಬರು: ಹಲವು ದಿಕ್ಕಿನಿಂದ. ಮೈಕೆಲ್ ಪೋರ್ಟರ್ 1985ರಲ್ಲಿ ಕಂಪನಿಯ ಕೆಲಸಗಳನ್ನು ಮೌಲ್ಯದ ಸರಪಳಿಯಾಗಿ ನೋಡುವ ಕ್ರಮ ಕೊಟ್ಟರು. 1987ರಲ್ಲಿ ಐಬಿಎಂನ ಜಾನ್ ಝಕ್‌ಮನ್ ಮಾಹಿತಿ ವ್ಯವಸ್ಥೆಗಳಿಗೊಂದು ಚೌಕಟ್ಟು ಬರೆದರು. 1990ರಲ್ಲಿ ಸಿ.ಕೆ. ಪ್ರಹ್ಲಾದ್ ಮತ್ತು ಗ್ಯಾರಿ ಹ್ಯಾಮೆಲ್ ಕಂಪನಿಯನ್ನು ಉತ್ಪನ್ನಗಳ ಗುಂಪೆಂದು ನೋಡದೆ ಒಳಗಿನ ಮೂಲ ಕೌಶಲಗಳ ಗುಂಪೆಂದು ನೋಡಬೇಕೆಂದು ವಾದಿಸಿದರು. ಈ ಮೂರೂ ಒಂದು ಅಭ್ಯಾಸವಾಗಿ ಕೂಡಿಕೊಳ್ಳಲು ಸಮಯ ಹಿಡಿಯಿತು. ಬಿಸಿನೆಸ್ ಆರ್ಕಿಟೆಕ್ಚರ್ ಗಿಲ್ಡ್ ಎಂಬ ವೃತ್ತಿಪರರ ಸಂಘ ರೂಪುಗೊಂಡದ್ದು 2010ರಲ್ಲಿ. ಸಾಮರ್ಥ್ಯ, ಮೌಲ್ಯಧಾರೆ, ಮಾಹಿತಿ, ಸಂಘಟನೆ ಎಂಬ ನಾಲ್ಕನ್ನು ಅದು ಈ ಶಿಸ್ತಿನ ತಿರುಳೆಂದು ಗುರುತಿಸಿತು.

ಒಬ್ಬರು: ಸಾಮರ್ಥ್ಯ ಅರ್ಥವಾಯಿತು. ಮೌಲ್ಯಧಾರೆ ಏನು ಮಾಡುತ್ತದೆ?

ಇನ್ನೊಬ್ಬರು: ಸಾಮರ್ಥ್ಯಗಳ ನಕ್ಷೆ ನಿಂತ ಚಿತ್ರ, ಅದರಲ್ಲಿ ಗ್ರಾಹಕರಿಲ್ಲ. ಗ್ರಾಹಕರಿಗೆ ಬೇಕಾದದ್ದು ಯಾವ ಹಂತಗಳನ್ನು ದಾಟಿ ಅವರ ಕೈ ಸೇರುತ್ತದೆ ಎಂಬುದನ್ನು ಮೌಲ್ಯಧಾರೆ ತೋರಿಸುತ್ತದೆ. ಮನೆ ಸಾಲ ಕೇಳಿ ಬಂದವರ ಕಡತ ಶಾಖೆಯಿಂದ ಹೊರಟು ಆದಾಯದ ಪರಿಶೀಲನೆ, ವಕೀಲರ ಅಭಿಪ್ರಾಯ, ಕಟ್ಟಡದ ಮೌಲ್ಯಮಾಪನ, ಮಂಜೂರಾತಿ, ಅಡಮಾನ ಪತ್ರ, ಹಣ ಬಿಡುಗಡೆ ಇಷ್ಟನ್ನು ಹಾಯುತ್ತದೆ. ಸಾಲಗಾರರಿಗೆ ಈ ಯಾವ ಹಂತವೂ ಬೇಕಿಲ್ಲ, ಬೇಕಿರುವುದು ಮನೆ. ಪ್ರತಿ ವಿಭಾಗವೂ ತನ್ನ ಕೆಲಸವನ್ನು ಚುರುಕುಗೊಳಿಸಿದ ಮೇಲೂ ಒಟ್ಟು ದಿನಗಳು ಕಡಿಮೆಯಾಗದಿರುವುದುಂಟು. ಸಮಯ ಕಳೆಯುವುದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ನಡುವಿನಲ್ಲಿ, ಕಾಯುವುದರಲ್ಲಿ. ಆ ನಡು ಯಾವ ವಿಭಾಗದ ವರದಿಯಲ್ಲೂ ಬರುವುದಿಲ್ಲ. ಮೌಲ್ಯಧಾರೆಯ ಪ್ರತಿ ಹಂತದ ಕೆಳಗೆ ಅದಕ್ಕೆ ಬೇಕಾದ ಸಾಮರ್ಥ್ಯಗಳನ್ನು ಜೋಡಿಸಿದಾಗ ಎಲ್ಲಿ ಕೊರತೆ ಇದೆ ಎಂಬುದರ ಜೊತೆಗೆ ಆ ಕೊರತೆಯಿಂದ ಯಾರಿಗೆ ತೊಂದರೆ ಎಂಬುದೂ ತಿಳಿಯುತ್ತದೆ.

ಒಬ್ಬರು: ಇಲ್ಲಿಯವರೆಗೆ ಇದು ಕಂಪನಿ ಈಗ ಹೇಗಿದೆ ಎಂಬುದರ ವಿವರಣೆ. ಬದಲಾವಣೆಯ ಯೋಜನೆ ಎಲ್ಲಿ ಶುರುವಾಗುತ್ತದೆ?

ಇನ್ನೊಬ್ಬರು: ನಕ್ಷೆಗೆ ಬಣ್ಣ ಹಚ್ಚುವಾಗ. ಪ್ರತಿ ಸಾಮರ್ಥ್ಯದ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ: ಮುಂದಿನ ಗುರಿಗೆ ಇದು ಎಷ್ಟು ಮುಖ್ಯ? ಇಂದು ಇದು ಎಷ್ಟು ಚೆನ್ನಾಗಿ ನಡೆಯುತ್ತಿದೆ? ಬಹಳ ಮುಖ್ಯ ಆದರೆ ದುರ್ಬಲ ಎಂದು ಉತ್ತರ ಬಂದ ಜಾಗ ಕೆಂಪಾಗುತ್ತದೆ, ಹಣ ಮತ್ತು ಒಳ್ಳೆಯ ಜನ ಅಲ್ಲಿಗೆ ಹೋಗಬೇಕು. ಅಷ್ಟೇನೂ ಮುಖ್ಯವಲ್ಲ ಆದರೆ ಬಲವಾಗಿದೆ ಎಂಬ ಜಾಗದಲ್ಲಿ ಕಂಪನಿ ಅಗತ್ಯಕ್ಕಿಂತ ಹೆಚ್ಚು ಖರ್ಚು ಮಾಡುತ್ತಿರಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಎಷ್ಟು ಮುಖ್ಯ’ ಎಂಬುದಕ್ಕೆ ನಕ್ಷೆಯೊಳಗೆ ಉತ್ತರವಿಲ್ಲ. ಅದನ್ನು ಹೇಳಬೇಕಾದವರು ಕಂಪನಿಯ ಹೊಣೆ ಹೊತ್ತವರು. ಗುರಿ ಸ್ಪಷ್ಟವಾಗಿಲ್ಲದಿದ್ದರೆ ಎಲ್ಲ ಚೌಕಗಳೂ ಕೆಂಪಾಗುತ್ತವೆ, ಎಲ್ಲವೂ ಕೆಂಪಾದ ನಕ್ಷೆಯಿಂದ ಯಾವ ತೀರ್ಮಾನವೂ ಹೊರಡುವುದಿಲ್ಲ.

ಒಬ್ಬರು: ಇಂಥ ಲೆಕ್ಕದಿಂದ ನಿಜವಾಗಿ ಉಳಿದ ಕಂಪನಿ ಉಂಟೇ?

ಇನ್ನೊಬ್ಬರು: ಜಪಾನಿನ ಫ್ಯೂಜಿಫಿಲ್ಮ್. ಬಿಸಿನೆಸ್ ಆರ್ಕಿಟೆಕ್ಚರ್ ಎಂಬ ಹೆಸರಿನಲ್ಲಿ ಅಲ್ಲಿ ಈ ಕೆಲಸ ನಡೆಯಿತೆಂದಲ್ಲ, ಆದರೆ ಈ ಕ್ರಮದ ಒಳಗುಟ್ಟು ಅಲ್ಲಿರುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಕಷ್ಟ. 1934ರಲ್ಲಿ ಫೋಟೊ ಫಿಲ್ಮ್ ತಯಾರಿಸಲೆಂದೇ ಹುಟ್ಟಿದ ಕಂಪನಿ ಅದು. ಜಗತ್ತಿನಲ್ಲಿ ಕಲರ್ ಫಿಲ್ಮಿನ ಬೇಡಿಕೆ 2000ದಲ್ಲಿ ಶಿಖರ ಮುಟ್ಟಿತು. ಆಗ ಕಂಪನಿಯ ಲಾಭದ ಅರ್ಧಕ್ಕೂ ಹೆಚ್ಚು ಪಾಲು ಫೋಟೊ ವ್ಯವಹಾರದಿಂದ ಬರುತ್ತಿತ್ತು. ಹತ್ತೇ ವರ್ಷದಲ್ಲಿ ಆ ಬೇಡಿಕೆ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯಿತು. ಡಿಜಿಟಲ್ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, 1988ರಲ್ಲೇ ಸ್ವತಃ ಡಿಜಿಟಲ್ ಕ್ಯಾಮೆರಾ ತೋರಿಸಿದ್ದರು. ಗೊತ್ತಿದ್ದರೂ ಡಿಜಿಟಲ್ ಕ್ಯಾಮೆರಾ ಒಂದೇ ಫಿಲ್ಮಿನ ಲಾಭವನ್ನು ತುಂಬಿಕೊಡಲಾರದು ಎಂಬುದೇ ನಿಜವಾದ ಸಂಕಟ. ಕ್ಯಾಮೆರಾವನ್ನು ಒಮ್ಮೆ ಕೊಳ್ಳುತ್ತಾರೆ, ಫಿಲ್ಮನ್ನು ಮತ್ತೆಮತ್ತೆ ಕೊಳ್ಳುತ್ತಿದ್ದರು.

ಒಬ್ಬರು: ಹಾಗಾದರೆ ಫಿಲ್ಮ್ ಕಂಪನಿಗೆ ಉಳಿದದ್ದೇನು?

ಇನ್ನೊಬ್ಬರು: ಉತ್ಪನ್ನದ ಕಣ್ಣಿನಿಂದ ನೋಡಿದರೆ ಏನೂ ಇಲ್ಲ. ಸಾಮರ್ಥ್ಯದ ಕಣ್ಣಿನಿಂದ ನೋಡಿದರೆ ಬಹಳ ಇತ್ತು. 2000ದಲ್ಲಿ ಅಧ್ಯಕ್ಷರಾಗಿ, 2003ರಲ್ಲಿ ಸಿಇಒ ಆದ ಶಿಗೆತಾಕಾ ಕೊಮೊರಿ ಕಂಪನಿಯ ಒಳಗಿನ ತಂತ್ರಜ್ಞಾನಗಳನ್ನೆಲ್ಲ ಲೆಕ್ಕ ಹಾಕಿಸಿದರು. ಒಂದು ಕಡೆ ಕೈಯಲ್ಲಿರುವ ತಂತ್ರಜ್ಞಾನ, ಇನ್ನೊಂದು ಕಡೆ ಜಗತ್ತಿನ ಮಾರುಕಟ್ಟೆಗಳ ಅಗತ್ಯ, ಎರಡನ್ನೂ ಎದುರುಬದುರು ಇಟ್ಟು ಎಲ್ಲಿ ಹೊಂದುತ್ತದೆ ಎಂದು ನೋಡಿದರು. ಇದಕ್ಕೆ ವರ್ಷಕ್ಕೂ ಮಿಕ್ಕಿ ಸಮಯ ಹಿಡಿಯಿತು.

ಕಲರ್ ಫಿಲ್ಮ್ ಸಾಮಾನ್ಯ ವಸ್ತುವಲ್ಲ. ಕೂದಲೆಳೆಗಿಂತ ತೆಳುವಾದ ಲೇಪನದೊಳಗೆ ಸುಮಾರು 20 ಪದರಗಳು, ಪ್ರತಿ ಪದರದಲ್ಲೂ ಅಳತೆ ತಪ್ಪದೆ ಹರಡಿದ ರಾಸಾಯನಿಕಗಳು. ಇಂಥದ್ದನ್ನು ಮೈಲಿಗಟ್ಟಲೆ ಉದ್ದಕ್ಕೆ ಒಂದೇ ಗುಣಮಟ್ಟದಲ್ಲಿ ತಯಾರಿಸಬಲ್ಲ ಕಂಪನಿಗೆ ಅತಿಸೂಕ್ಷ್ಮ ಕಣಗಳನ್ನು ಹರಡುವುದು ಗೊತ್ತು, ತೆಳುಪದರ ಹಚ್ಚುವುದು ಗೊತ್ತು, ಬಣ್ಣ ಮಾಸದಂತೆ ಆಮ್ಲಜನಕದ ದಾಳಿಯನ್ನು ತಡೆಯುವುದು ಗೊತ್ತು, ಫಿಲ್ಮಿನಲ್ಲಿ ಬಳಸುವ ಜಿಲೆಟಿನ್‌ಗೆ ಮೂಲವಾದ ಕೊಲಾಜನ್ ಗೊತ್ತು. ಫಿಲ್ಮಿಗೆ ಆಧಾರವಾಗಿದ್ದ ಟ್ಯಾಕ್ ಎಂಬ ಪಾರದರ್ಶಕ ಹಾಳೆಯೇ ಎಲ್‌ಸಿಡಿ ಪರದೆಯ ಧ್ರುವೀಕರಣ ಹಾಳೆಗೆ ರಕ್ಷಾಕವಚವಾಗಿ ಒದಗಿತು. ಚಪ್ಪಟೆ ಟಿ.ವಿ.ಗಳ ಕಾಲ ಬರುತ್ತಿದ್ದಂತೆ ಕುಮಾಮೊಟೊದಲ್ಲಿ ಅದಕ್ಕೆಂದೇ ಹೊಸ ಕಾರ್ಖಾನೆ ಕಟ್ಟಿದರು. ಕೊಲಾಜನ್, ಬಣ್ಣಗೆಡದಂತೆ ತಡೆಯುವ ವಿದ್ಯೆ ಮತ್ತು ಸೂಕ್ಷ್ಮಕಣಗಳ ಹದ ಸೇರಿ 2007ರಲ್ಲಿ ಅಸ್ತಾಲಿಫ್ಟ್ ಎಂಬ ಚರ್ಮಪ್ರಸಾಧನವಾಯಿತು. ಫೋಟೊ ಕಂಪನಿ ಮುಖದ ಕ್ರೀಮ್ ಮಾರುವುದು ಹೊರಗಿನವರಿಗೆ ವಿಚಿತ್ರವಾಗಿ ಕಂಡಿತು, ನಕ್ಷೆಯಲ್ಲಿ ಮಾತ್ರ ಅವೆರಡೂ ಅಕ್ಕಪಕ್ಕದ ಚೌಕಗಳು.

ಒಬ್ಬರು: ತಂತ್ರಜ್ಞಾನದ ಪಟ್ಟಿಯೊಂದರಿಂದಲೇ ಕಂಪನಿ ಬದಲಾಗುತ್ತದೆಯೇ? ಸಾಮರ್ಥ್ಯ ಎಂದರೆ ಪ್ರಯೋಗಾಲಯ ಮಾತ್ರವಲ್ಲವಷ್ಟೆ.

ಇನ್ನೊಬ್ಬರು: ಅಲ್ಲ. ಅವರು ಇಲ್ಲದ ಸಾಮರ್ಥ್ಯಗಳನ್ನೂ ಗುರುತಿಸಿದ್ದರಿಂದಲೇ ಈ ಕಥೆ ಪಾಠವಾಗುತ್ತದೆ. ರಾಸಾಯನಿಕ ವಿದ್ಯೆ ಗೊತ್ತಿದ್ದರೂ ಔಷಧವನ್ನು ಪರೀಕ್ಷೆಗಳಿಗೆ ಒಡ್ಡಿ ಅನುಮತಿ ಪಡೆಯುವುದು ಬೇರೆಯೇ ವಿದ್ಯೆ, ಅದನ್ನು ಒಳಗೆ ಬೆಳೆಸಲು ದಶಕಗಳು ಬೇಕು. ಹಾಗಾಗಿ 2008ರಲ್ಲಿ ತೊಯಾಮಾ ಕೆಮಿಕಲ್ ಎಂಬ ಔಷಧ ಕಂಪನಿಯನ್ನು ತಮ್ಮದಾಗಿಸಿಕೊಂಡರು. 2020ರಲ್ಲಿ ಭಾರತದ ಔಷಧದಂಗಡಿಗಳಲ್ಲಿ ಜನ ಹುಡುಕಿಕೊಂಡು ಹೋದ ಫೆವಿಪಿರವಿರ್ ಮೂಲದಲ್ಲಿ ಅದೇ ತೊಯಾಮಾದ ಸಂಶೋಧನೆ, ಜಪಾನಿನಲ್ಲಿ ಅದಕ್ಕೆ ಇನ್‌ಫ್ಲುಯೆಂಜಾ ಔಷಧವಾಗಿ 2014ರಲ್ಲಿ ಅನುಮತಿ ಸಿಕ್ಕಿತ್ತು. ಕೊರತೆಯ ಚೌಕ ಕಂಡಾಗ ಮೂರು ದಾರಿಗಳಿರುತ್ತವೆ: ಕಟ್ಟುವುದು, ಕೊಳ್ಳುವುದು, ಪಾಲುದಾರರಿಂದ ಪಡೆಯುವುದು. ಯಾವ ಚೌಕಕ್ಕೆ ಯಾವ ದಾರಿ ಎಂದು ಮೊದಲೇ ತೀರ್ಮಾನಿಸಿಕೊಳ್ಳುವುದು ಈ ಯೋಜನೆಯ ಹೃದಯಭಾಗ.

ಸಂಘಟನೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿದರು. 2004ರಲ್ಲಿ ವಿಷನ್ 75 ಎಂಬ ಮಧ್ಯಮಾವಧಿ ಯೋಜನೆ ಪ್ರಕಟವಾಯಿತು. 2006ರ ಏಪ್ರಿಲ್‌ನಲ್ಲಿ ಬೇರೆಬೇರೆ ಕ್ಷೇತ್ರಗಳ ಸಂಶೋಧಕರನ್ನು ಒಂದೇ ಸೂರಿನಡಿ ತರುವ ಪ್ರಯೋಗಾಲಯ ಕನಗಾವಾ ಪ್ರಾಂತದಲ್ಲಿ ತೆರೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೋಲ್ಡಿಂಗ್ ಕಂಪನಿ ರಚಿಸಿ ಫ್ಯೂಜಿಫಿಲ್ಮ್ ಮತ್ತು ಫ್ಯೂಜಿ ಜೆರಾಕ್ಸ್ ಎರಡನ್ನೂ ಅದರ ಕೆಳಗೆ ತಂದರು. ಮೊದಲು ಸಾಮರ್ಥ್ಯ, ಆಮೇಲೆ ಅದಕ್ಕೊಪ್ಪುವ ಸಂಘಟನೆ. ಅನೇಕ ಕಂಪನಿಗಳು ಇದನ್ನು ತಲೆಕೆಳಗು ಮಾಡುತ್ತವೆ: ಮೊದಲು ಹುದ್ದೆಗಳ ಚಿತ್ರ ಬರೆದು, ಹೊಸ ಮುಖ್ಯಸ್ಥರನ್ನು ಕೂರಿಸಿ, ಅವರ ಕೆಲಸ ಏನೆಂದು ಆಮೇಲೆ ಹುಡುಕುತ್ತವೆ.

ಒಬ್ಬರು: ಅಮೆರಿಕದ ಫಿಲ್ಮ್ ಕಂಪನಿ ಕೊಡಕ್ ಬಳಿಯೂ ಅದೇ ರಸಾಯನಶಾಸ್ತ್ರ ಇತ್ತಲ್ಲ?

ಇನ್ನೊಬ್ಬರು: ಇತ್ತು, ಬಹುಶಃ ಇನ್ನೂ ಹೆಚ್ಚು. ಬೇರೆ ಕ್ಷೇತ್ರಕ್ಕೆ ಕಾಲಿಡುವ ಧೈರ್ಯವೂ ಇತ್ತು. 1988ರಲ್ಲಿ ಸ್ಟರ್ಲಿಂಗ್ ಡ್ರಗ್ ಎಂಬ ಔಷಧ ಕಂಪನಿಯನ್ನು 510 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆರು ವರ್ಷದಲ್ಲಿ ಅದನ್ನು ಮಾರಿ ಹೊರಬಂತು. 1994ರಲ್ಲಿ ಕೊಡಕ್‌ನದೇ ರಾಸಾಯನಿಕ ವಿಭಾಗವಾಗಿದ್ದ ಈಸ್ಟ್‌ಮನ್ ಕೆಮಿಕಲ್ ಬೇರೆ ಕಂಪನಿಯಾಗಿ ಹೋಯಿತು, 2007ರಲ್ಲಿ ವೈದ್ಯಕೀಯ ಚಿತ್ರಗಳ ವಿಭಾಗವನ್ನೂ ಮಾರಿತು. 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಪ್ರತಿ ಮಾರಾಟಕ್ಕೂ ಆ ಕ್ಷಣದಲ್ಲಿ ಸಾಲ, ಷೇರುಬೆಲೆ, ಮುಖ್ಯ ವ್ಯವಹಾರದ ಮೇಲೆ ಗಮನ ಎಂಬಂಥ ಕಾರಣಗಳು ಇದ್ದವು. ಆದರೆ ಒಟ್ಟಿಗೆ ನೋಡಿದರೆ ಫಿಲ್ಮಿನ ಆಚೆ ಬದುಕು ಕೊಡಬಹುದಾಗಿದ್ದ ಸಾಮರ್ಥ್ಯಗಳನ್ನೇ ಕಂಪನಿ ಒಂದೊಂದಾಗಿ ಕೈಬಿಟ್ಟಿತು. ಅವುಗಳನ್ನು ಪರಸ್ಪರ ಬೆಸೆದ ದಾರಗಳು ಒಂದೇ ಹಾಳೆಯ ಮೇಲೆ ಇದ್ದಿದ್ದರೆ ಕೆಲವನ್ನಾದರೂ ಉಳಿಸಿಕೊಳ್ಳುವ ವಾದ ಗಟ್ಟಿಯಾಗುತ್ತಿತ್ತು.

ಒಬ್ಬರು: ಹಾಗೆಂದು ನಕ್ಷೆ ಎಲ್ಲವನ್ನೂ ಮುಂಚಿತವಾಗಿ ಹೇಳುತ್ತದೆಯೇ?

ಇನ್ನೊಬ್ಬರು: ಇಲ್ಲ, ಅದಕ್ಕೂ ಫ್ಯೂಜಿಯೇ ಸಾಕ್ಷಿ. 1998ರಲ್ಲಿ ಬಂದ ಇನ್‌ಸ್ಟಾಕ್ಸ್ ಎಂಬ ತಕ್ಷಣದ ಫೋಟೊ ಕ್ಯಾಮೆರಾ ಮೊದಲು ವರ್ಷಕ್ಕೆ ಹತ್ತು ಲಕ್ಷದಷ್ಟು ಮಾರಾಟವಾಗಿ, ಕೆಲವೇ ವರ್ಷದಲ್ಲಿ ಒಂದು ಲಕ್ಷಕ್ಕೆ ಕುಸಿಯಿತು. ಬಣ್ಣ ಹಚ್ಚುವ ಲೆಕ್ಕದಲ್ಲಿ ಮುಚ್ಚಿಬಿಡಬೇಕಾದ ಚೌಕ ಅದು. ಮುಚ್ಚಲಿಲ್ಲ. ಮೊಬೈಲಿನೊಂದಿಗೇ ಬೆಳೆದ ಹೊಸ ತಲೆಮಾರು ಕೈಯಲ್ಲಿ ಹಿಡಿಯಬಹುದಾದ ಫೋಟೊಗೆ ಮನಸೋತು, 2018ರ ಆರ್ಥಿಕ ವರ್ಷದಲ್ಲಿ ಮಾರಾಟ ಒಂದು ಕೋಟಿ ಮುಟ್ಟಿತು. ಇದನ್ನು ಯಾವ ನಕ್ಷೆಯೂ ಹೇಳಿರಲಿಲ್ಲ. ಅಂದಿನ ಅಂಕೆಗಳು ಕೆಟ್ಟವೆಂಬ ಒಂದೇ ಕಾರಣಕ್ಕೆ ಮತ್ತೆ ಕಟ್ಟಲಾಗದ ಸಾಮರ್ಥ್ಯವನ್ನು ಕಿತ್ತೆಸೆಯಬಾರದು. ಕಡಿಮೆ ಖರ್ಚಿನಲ್ಲಿ ಜೀವ ಹಿಡಿದಿಡಲು ಸಾಧ್ಯವಿದ್ದರೆ ಹಿಡಿದಿಡುವುದೂ ಯೋಜನೆಯ ಭಾಗವೇ.

ಒಬ್ಬರು: ಏನು ಬದಲಿಸಬೇಕೆಂದು ತಿಳಿದ ಮೇಲೆ ಯಾವುದು ಮೊದಲು ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನೊಬ್ಬರು: ಹೆಚ್ಚಿನ ಪರಿವರ್ತನೆಗಳು ಎಡವುವುದು ಇಲ್ಲಿಯೇ. ಒಂದು ಸಾಮರ್ಥ್ಯ ಇನ್ನೊಂದರ ಮೇಲೆ ನಿಂತಿರುತ್ತದೆ. ಹತ್ತು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್ ತರಬೇಕೆಂದರೆ ಗ್ರಾಹಕರ ಗುರುತು, ಖಾತೆ, ಹಳೆಯ ಸಾಲದ ವಿವರ ಒಂದೇ ಕಡೆ ಸಿಗಬೇಕು. ಅದಿಲ್ಲದೆ ಆ್ಯಪ್ ತಂದರೆ ಹೊರಗೆ ಹತ್ತು ನಿಮಿಷದ ಭರವಸೆ, ಒಳಗೆ ಗುಮಾಸ್ತರ ರಾತ್ರಿಪಾಳಿ. ಯೋಜನೆಯ ರೋಡ್‌ಮ್ಯಾಪ್ ಈ ಅವಲಂಬನೆಗಳ ಕ್ರಮವನ್ನು ಪಾಲಿಸಬೇಕು. ಜೊತೆಗೆ ನಡುವಿನ ಸ್ಥಿತಿಗಳನ್ನೂ ವಿನ್ಯಾಸ ಮಾಡಬೇಕು. ಇಂದಿನ ಸ್ಥಿತಿ, ಮುಂದಿನ ಸ್ಥಿತಿ ಎರಡನ್ನೂ ಬರೆದು ನಡುವಿನ ಎರಡು, ಮೂರು ವರ್ಷ ಕಂಪನಿ ಹೇಗೆ ನಡೆಯಬೇಕೆಂದು ಬರೆಯದೆ ಬಿಡುವುದು ದೊಡ್ಡ ತಪ್ಪು, ಯಾಕೆಂದರೆ ಗ್ರಾಹಕರು ಬದುಕುವುದು ಆ ನಡುವಿನಲ್ಲೇ.

ಬ್ಯಾಂಕುಗಳ ವಿಲೀನ ಇದಕ್ಕೆ ಕನ್ನಡಿಗರ ಕಣ್ಣೆದುರಿನ ಉದಾಹರಣೆ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನೊಂದಿಗೆ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ವಿಲೀನವಾಯಿತು. ಕಾನೂನಿನ ದೃಷ್ಟಿಯಲ್ಲಿ ಅದು ಒಂದು ದಿನದ ಸಂಗತಿ. ಸಿಂಡಿಕೇಟ್ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ಮಾತ್ರ 2021ರ ಜೂನ್ ಕೊನೆಯವರೆಗೆ ಚಾಲ್ತಿಯಲ್ಲಿದ್ದವು. ಆ ಹದಿನೈದು ತಿಂಗಳು ಒಂದು ನಡುವಿನ ಸ್ಥಿತಿ: ಹೆಸರು ಒಂದು, ಗುರುತುಗಳು ಎರಡು. ಇಂಥ ಸಂದರ್ಭದಲ್ಲಿ ಪ್ರತಿ ಸಾಮರ್ಥ್ಯವೂ ಎರಡೆರಡಾಗಿ ಇರುತ್ತದೆ. ಯಾವುದನ್ನು ಒಂದು ಮಾಡಬೇಕು, ಯಾವುದನ್ನು ಸ್ಥಳೀಯವಾಗಿಯೇ ಬಿಡಬೇಕು, ಯಾವ ಕ್ರಮದಲ್ಲಿ ಎಂಬ ಮೂರು ಪ್ರಶ್ನೆಗೆ ಸಾಮರ್ಥ್ಯದ ಪಟ್ಟಿ ಇಲ್ಲದೆ ಉತ್ತರಿಸಲು ಆಗದು.

ಒಬ್ಬರು: ಯಾವುದು ಒಂದಾಗಬೇಕು ಎಂಬುದಕ್ಕೆ ಒಂದು ಅಳತೆ ಇದೆಯೇ?

ಇನ್ನೊಬ್ಬರು: ಜೀನ್ ರಾಸ್, ಪೀಟರ್ ವೈಲ್ ಮತ್ತು ಡೇವಿಡ್ ರಾಬರ್ಟ್‌ಸನ್ 2006ರ ತಮ್ಮ ಪುಸ್ತಕದಲ್ಲಿ ಎರಡು ಪ್ರಶ್ನೆಗಳ ಅಳತೆ ಕೊಟ್ಟಿದ್ದಾರೆ. ಕಂಪನಿಯ ಘಟಕಗಳು ಪರಸ್ಪರ ಎಷ್ಟು ಮಾಹಿತಿ ಹಂಚಿಕೊಳ್ಳಬೇಕು? ಎಷ್ಟರಮಟ್ಟಿಗೆ ಒಂದೇ ರೀತಿ ಕೆಲಸ ಮಾಡಬೇಕು? ಎರಡಕ್ಕೂ ‘ಬಹಳ’ ಎಂದರೆ ಪೂರ್ಣ ಏಕೀಕರಣ. ರೀತಿ ಒಂದೇ ಇದ್ದು ಮಾಹಿತಿ ಹಂಚಿಕೆ ಅಷ್ಟಾಗಿ ಬೇಡವಾದರೆ ಒಂದೇ ಅಚ್ಚಿನ ಶಾಖೆಗಳು. ಮಾಹಿತಿ ಹಂಚಿಕೊಂಡು ಕೆಲಸ ಬೇರೆಬೇರೆಯಾಗಿ ಮಾಡಿದರೆ ಸಮನ್ವಯ. ಎರಡೂ ಬೇಡವಾದರೆ ಪ್ರತ್ಯೇಕ ವ್ಯವಹಾರಗಳು. ಬ್ಯಾಂಕಿಗೆ ಏಕೀಕರಣ ಸಹಜ. ಮುಖದ ಕ್ರೀಮ್ ಮತ್ತು ಜೆರಾಕ್ಸ್ ಯಂತ್ರ ಎರಡನ್ನೂ ಮಾರುವ ಗುಂಪಿಗೆ ಅದೇ ಏಕೀಕರಣ ಹೇರಿದರೆ ಎರಡೂ ಕೆಡುತ್ತವೆ.

ಒಬ್ಬರು: ಈ ಚೌಕಗಳಲ್ಲಿ ಕೆಲಸಗಾರರು ಕಾಣುವುದೇ ಇಲ್ಲ. ಚೌಕ ಅಳಿಸುವುದು ಸುಲಭ, ಅದರಲ್ಲಿ ಸಂಸಾರಗಳಿರುತ್ತವೆ.

ಇನ್ನೊಬ್ಬರು: ಆಕ್ಷೇಪ ನ್ಯಾಯವಾದದ್ದು. 2006ರಲ್ಲಿ ಫ್ಯೂಜಿ ತನ್ನ ಫೋಟೊ ವಿಭಾಗದಲ್ಲಿ ಜಗತ್ತಿನಾದ್ಯಂತ ಸುಮಾರು 5,000 ಹುದ್ದೆಗಳನ್ನು ಕಡಿತ ಮಾಡಿತು. ಕಂಪನಿ ಉಳಿಯಿತು ಎನ್ನುವಾಗ ಈ ಅಂಕೆಯನ್ನೂ ಸೇರಿಸಿಯೇ ಹೇಳಬೇಕು. ಸಾಮರ್ಥ್ಯ ಎಂಬುದು ಕೊನೆಗೂ ಜನರ ಕೈಯ ಹದ, ಕಣ್ಣಿನ ಅಂದಾಜು, ವರ್ಷಗಳ ರೂಢಿ. ಅದನ್ನು ಬರೆದುಕೊಳ್ಳುವಾಗ ಯಾರಲ್ಲಿ ಅದು ನೆಲೆಸಿದೆ, ಅವರು ಯಾವ ಹೊಸ ಚೌಕಕ್ಕೆ ದಾಟಬಲ್ಲರು, ಅದಕ್ಕೆ ಎಷ್ಟು ಕಲಿಕೆ ಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಹಾಗೆ ಬರೆದರೆ ಎಷ್ಟೋ ಕಡೆ ಹುದ್ದೆ ಕಡಿತದ ಬದಲು ವರ್ಗಾವಣೆಯ ದಾರಿ ಮೊದಲೇ ಕಾಣುತ್ತದೆ.

ಒಬ್ಬರು: ಇಷ್ಟು ಉಪಯೋಗವಿದ್ದರೂ ಅನೇಕ ಕಡೆ ಈ ನಕ್ಷೆಗಳು ಗೋಡೆಯ ಮೇಲೆಯೇ ಉಳಿದುಬಿಡುತ್ತವೆ.

ಇನ್ನೊಬ್ಬರು: ಸಾಮಾನ್ಯ ಕಾರಣ, ಐಟಿ ವಿಭಾಗವೊಂದೇ ಕೂತು ಬರೆದಿರುತ್ತದೆ. ಮಾರಾಟದವರು, ಲೆಕ್ಕದವರು, ಕಾರ್ಖಾನೆಯವರು ಅದರಲ್ಲಿ ತಮ್ಮ ಕೆಲಸವನ್ನು ಗುರುತಿಸಲಾರರು. ಇನ್ನೊಂದು, ವಿಭಾಗಗಳ ಹೆಸರನ್ನೇ ಸಾಮರ್ಥ್ಯವೆಂದು ಬರೆದುಬಿಡುವುದು. ಬಣ್ಣಗಳನ್ನು ಪುರಾವೆಯಿಲ್ಲದೆ ಹಿರಿಯರ ಅಭಿಪ್ರಾಯದಿಂದಲೇ ಹಚ್ಚುವುದೂ ಉಂಟು, ಆಗ ಜೋರಾಗಿ ಮಾತಾಡುವವರ ವಿಭಾಗ ಎಂದೂ ಕೆಂಪಾಗುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡ ಕಾರಣ ಬಜೆಟ್. ನಕ್ಷೆ ಒಂದು ಕಡೆ, ಹಣದ ಹಂಚಿಕೆ ಇನ್ನೊಂದು ಕಡೆ ನಡೆದರೆ ನಕ್ಷೆಗೆ ಬೆಲೆಯಿಲ್ಲ. ಪ್ರತಿ ಹೊಸ ಯೋಜನೆಯೂ ತಾನು ಯಾವ ಸಾಮರ್ಥ್ಯವನ್ನು, ಯಾವ ಮೌಲ್ಯಧಾರೆಗಾಗಿ, ಎಷ್ಟರಮಟ್ಟಿಗೆ ಬಲಪಡಿಸುತ್ತದೆಂದು ಹೇಳದೆ ಮಂಜೂರಾಗಬಾರದು. ಇದೊಂದು ನಿಯಮ ಪಾಲಿಸಿದರೆ ನಕ್ಷೆ ತಾನಾಗಿಯೇ ಜೀವಂತವಾಗಿರುತ್ತದೆ, ತಪ್ಪಿದ್ದರೆ ಹಣ ಬೇಕಾದವರೇ ತಿದ್ದಿಸುತ್ತಾರೆ.

ಒಬ್ಬರು: ಸಣ್ಣ ಕಂಪನಿಗಳಿಗೂ ಇದು ಬೇಕೇ, ದೊಡ್ಡವರ ಸೊತ್ತೇ?

ಇನ್ನೊಬ್ಬರು: ಪೀಣ್ಯದ ಐವತ್ತು ಜನರ ಯಂತ್ರಭಾಗಗಳ ಕಾರ್ಖಾನೆಗೂ ಬೇಕು. ಪೆಟ್ರೋಲ್ ಎಂಜಿನ್ನಿನ ಬಿಡಿಭಾಗ ತಯಾರಿಸುವವರಿಗೆ ವಿದ್ಯುತ್ ವಾಹನಗಳು ಬಂದಾಗ ಎದುರಾಗುವ ಪ್ರಶ್ನೆ ಫ್ಯೂಜಿಗೆ 2000ದಲ್ಲಿ ಎದುರಾದದ್ದೇ. ‘ಪಿಸ್ಟನ್ ತಯಾರಕರು’ ಎಂದುಕೊಂಡರೆ ದಾರಿ ಮುಚ್ಚುತ್ತದೆ. ‘ಮೈಕ್ರಾನ್ ಅಳತೆಯಲ್ಲಿ ಲೋಹ ಕೊರೆಯಬಲ್ಲವರು, ಪ್ರತಿ ತುಂಡಿನ ತಪಾಸಣೆ ದಾಖಲೆ ಇಡಬಲ್ಲವರು’ ಎಂದುಕೊಂಡರೆ ವೈದ್ಯಕೀಯ ಉಪಕರಣ, ವಿಮಾನದ ಭಾಗಗಳ ಕಡೆಗೆ ಬಾಗಿಲು ಕಾಣುತ್ತದೆ. ಅಲ್ಲಿಗೆ ಬೇಕಾದ ಪ್ರಮಾಣಪತ್ರಗಳು, ಹೊಸ ಗ್ರಾಹಕರ ಪರಿಚಯ ಕೊರತೆಯ ಪಟ್ಟಿಗೆ ಸೇರುತ್ತವೆ. ಇಷ್ಟಕ್ಕೆ ಸಲಹೆಗಾರರಾಗಲಿ ಸಾಫ್ಟ್‌ವೇರ್ ಆಗಲಿ ಬೇಕಿಲ್ಲ. ಮಾಲೀಕರು, ಅನುಭವವಿರುವ ಮೇಸ್ತ್ರಿ, ಲೆಕ್ಕ ನೋಡುವವರು, ಗ್ರಾಹಕರೊಂದಿಗೆ ಮಾತಾಡುವವರು ಒಟ್ಟಿಗೆ ಕೂತರೆ ಮೊದಲ ನಕ್ಷೆ ಸಿದ್ಧವಾಗುತ್ತದೆ. ಆರ್ಡರ್ ಪುಸ್ತಕ ತುಂಬಿರುವಾಗಲೇ ಅದನ್ನು ಬರೆಯಬೇಕು, ಖಾಲಿಯಾದ ಮೇಲೆ ಹೊಸದನ್ನು ಕಟ್ಟಲು ಹಣವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.